ಗಟ್ಟಿ ಎದೆಯ ಪ್ರಮಾಣಪತ್ರ

ನಾಲ್ಕು ಪಥದ ಹೆದ್ದಾರಿ ಬಂದ ಹೊಸದರಲ್ಲಿ ನಮ್ಮ ಪೊಲೀಸ್ ಠಾಣೆಗೆ ಎರಡು ಕೆಲಸ ಹೆಚ್ಚಾದವು. ಅಪಘಾತದಲ್ಲಿ ಸತ್ತವರನ್ನು ಎತ್ತುವುದು ಒಂದು, ಅವರ ಮನೆಗೆ ಸುದ್ದಿ ಮುಟ್ಟಿಸುವುದು ಇನ್ನೊಂದು. ಮೊದಲನೆಯದಕ್ಕೆ ನಾವೆಲ್ಲ ಹೋಗುತ್ತಿದ್ದೆವು. ಎರಡನೆಯದು ಬಂತೆಂದರೆ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನ ಬೈಕು ಪಂಕ್ಚರ್. ಕೊನೆಗೆ ಹೋಗುವವನು ಹೆಡ್ ಕಾನ್‌ಸ್ಟೇಬಲ್ ಉಡಚಪ್ಪ ಒಬ್ಬನೇ. "ಅವನ ಎದಿ ಗಟ್ಟಿ ಐತಿ" ಎಂದು ನಾವೇ ಹೆಸರಿಟ್ಟೆವು. ಹೆಸರಿಟ್ಟರೆ ನಮ್ಮಪ್ಪನ ಗಂಟೇನು ಹೋಗುತ್ತದೆ?

ಬರಬರುತ್ತ ಉಡಚಪ್ಪ ಓಣಿ ಹೊಕ್ಕರೆ ಸಾಕು, ಹೆಂಗಸರು ಬಾಗಿಲು ಹಾಕಿಕೊಳ್ಳತೊಡಗಿದರು. ಒಮ್ಮೆ ಡ್ಯೂಟಿ ಮುಗಿಸಿ ಖಾಕಿಯಲ್ಲೇ ರಾಣೆಬೆನ್ನೂರಿನ ಮಗಳ ಮನೆಗೆ ಮೊಮ್ಮಗಳನ್ನು ನೋಡಲು ಹೋದ. ಬೀಗತಿ ಶೇಖವ್ವ ಬಾಗಿಲಲ್ಲಿ ಅವನನ್ನು ಕಂಡವಳೇ "ಅಯ್ಯಯ್ಯೋ, ನನ್ನ ಮಗಾ!" ಎಂದು ಬಾಯಿ ಬಡಿದುಕೊಂಡಳು. ಮಗ ಒಳಗೆ ರೊಟ್ಟಿ ತಿನ್ನುತ್ತಿದ್ದ. ಜೀವ ತಣ್ಣಗಾದ ಮೇಲೆ ಆಕೆಗೆ ಸಿಟ್ಟು ಬಂತು. "ಬೀಗರ, ಈ ಕೆಲಸಾ ಬಿಟ್ಟ ಮ್ಯಾಲೆ ಬರ್ರಿ. ಅಲ್ಲೀತನಕಾ ನಮ್ಮ ಹೊಸ್ತಲಾ ತುಳೀಬ್ಯಾಡ್ರಿ" ಎಂದಳಂತೆ. ಅಂದಿನಿಂದ ಅವನಿಗೆ ಒಂದೇ ಜಪ: ಈ ಡ್ಯೂಟಿ ತಪ್ಪಬೇಕು, ಕೂಸನ್ನು ಎತ್ತಿಕೊಳ್ಳಬೇಕು.

ಅಷ್ಟರಲ್ಲಿ ಪೊಲೀಸರ ಮನಸ್ಸು ಗಟ್ಟಿ ಮಾಡುವ ತರಬೇತಿ ಬಂತು. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದ ತಜ್ಞರಿಗೆ ಬ್ಯಾಡಗಿಯಲ್ಲಿ ಸಿಕ್ಕ ಸಭಾಭವನ ಮೆಣಸಿನಕಾಯಿ ಮಾರುಕಟ್ಟೆಗೆ ಅಂಟಿಕೊಂಡದ್ದು. ಅಂದು ಮಾರಾಟದ ದಿನ ಬೇರೆ. "ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ಒಳಗಿನ ನೋವು ಹೊರಗೆ ಬರಲಿ" ಎಂದರು. ಎಳೆದುಕೊಂಡೆವು. ಶಿವನೇ! ನೋವೇನು, ಕರುಳೇ ಹೊರಗೆ ಬರುವಂತಾಯಿತು. ಎಲ್ಲರ ಕಣ್ಣು ಮೂಗು ಸುರಿಯತೊಡಗಿದವು. ತಜ್ಞರೂ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಲೇ "ನೋಡಿ, ಎಷ್ಟು ವರ್ಷದ ದುಃಖ!" ಎಂದು ಬರೆದುಕೊಂಡರು. ಉಡಚಪ್ಪ ಮಾತ್ರ ಸುಮ್ಮನೆ ಕೂತಿದ್ದ. ಅವನು ಮೆಣಸಿನಕಾಯಿ ಚೀಲಗಳ ಮೇಲೆ ಮಲಗಿ ಬೆಳೆದ ಬ್ಯಾಡಗಿಯವನು, ಆ ಘಾಟು ಅವನಿಗೆ ಊದುಬತ್ತಿ ಇದ್ದ ಹಾಗೆ.

ತಜ್ಞರು ಬೆರಗಾಗಿ ಅವನಿಗೆ 'ಹಾವೇರಿ ಜಿಲ್ಲೆಯ ಅತ್ಯಂತ ದೃಢ ಮನಸ್ಸು' ಎಂಬ ಪ್ರಮಾಣಪತ್ರ ಕೊಟ್ಟರು. ನಮ್ಮ ಸಬ್ ಇನ್‌ಸ್ಪೆಕ್ಟರ್ ಶಶಿಕಾಂತ ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ಠಾಣೆಯ ಗೋಡೆಗೆ ಬಡಿಸಿದರು. "ಬೆಂಗಳೂರಿನವ್ರ ಬರದು ಕೊಟ್ಟಾರ. ಇನ್ನ ಸುದ್ದಿ ಹೇಳೋ ಡ್ಯೂಟಿ ಖಾಯಂ ನಿಂದ" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಉಡಚಪ್ಪ ಗೋಡೆ ನೋಡುತ್ತ ನಿಂತ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಸಾಹೇಬರು ಬುತ್ತಿ ಬಿಚ್ಚಿ ಕೂತಿದ್ದರು. ಡ್ಯೂಟಿ ಬದಲಿಸಿ ಎಂದು ಕೇಳಲು ಉಡಚಪ್ಪ ಧೈರ್ಯ ಮಾಡಿ ಒಳಗೆ ಹೋದ. ಹೋದವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ತಲೆ ತಗ್ಗಿಸಿ ಮೇಜಿನ ಮುಂದೆ ನಿಂತ.

ಸಾಹೇಬರ ಕೈಯ ತುತ್ತು ಜಾರಿ ಬಿತ್ತು.

"ಯಾರೋ? ನಮ್ಮವ್ವನಾ?"

"ಸಾಹೇಬ್ರ..."

"ಲಗೂ ಹೇಳೋ! ಮುಂಜಾನೆ ದೇವರಗುಡ್ಡಕ್ಕ ಹೊಂಟಿದ್ಲು. ಬಸ್ಸಿಗೆ ಏನರ ಆತೇನು?"

ಬಾಗಿಲಲ್ಲಿ ನಿಂತಿದ್ದ ನಾನೂ ಮನೆಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ.

"ಯಾರಿಗೂ ಏನೂ ಆಗಿಲ್ರಿ" ಎಂದ ಉಡಚಪ್ಪ. "ಡ್ಯೂಟಿ ಬದ್ಲಿ ಮಾಡ್ರಿ ಅಂತ ಕೇಳಾಕ ಬಂದೇನ್ರಿ. ಮೊಮ್ಮಗಳ್ನ ಎತ್ಕೋಬೇಕಾಗೇತ್ರಿ."

ಸಾಹೇಬರು ತಂಬಿಗೆ ಎತ್ತಿ ಗಟಗಟ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಬುತ್ತಿ ಮುಚ್ಚಿಟ್ಟು ನನ್ನನ್ನು ಕರೆದು "ನಾಳಿಂದ ಪಾಳಿ ಹಚ್ರಿ. ಎಲ್ಲಾರೂ ಹೋಗಬೇಕು" ಎಂದರು.

"ನೀವೂನಾ ಸಾಹೇಬ್ರ?" ನನ್ನ ಹಾಳು ಬಾಯಿ ಕೇಳಿಯೇ ಬಿಟ್ಟಿತು.

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಮೊದಲ್ನೇ ಪಾಳಿ ನಂದ" ಎಂದು ಉಡಚಪ್ಪನ ಕಡೆ ತಿರುಗಿದರು. "ಅವರ ಬಾಗಲಾಗ ನಿಂತು ಮೊದಲ್ನೇ ಮಾತು ಏನಂತ ಹೇಳ್ತೀಯೋ?"

"ಏನೂ ಹೇಳಬೇಕಾಗಂಗಿಲ್ರಿ" ಎಂದ ಉಡಚಪ್ಪ. "ನಿಂತ್ರ ಸಾಕ್ರಿ, ತಾವ ಕೇಳ್ತಾರ. ಈಗ ನೀವು ಕೇಳಿದ್ರಲ್ಲಾ, ಹಂಗ."