ಈರುಳ್ಳಿ ಸೋತ ವರ್ಷ

"ಈ ಪುಸ್ತಕ ಬರೆದವರು ನೀವೇ ತಾನೇ, ಪ್ರೊಫೆಸರ್?" ವಕೀಲರು ಹಸಿರು ರಟ್ಟಿನ ಪುಸ್ತಕವೊಂದನ್ನು ಎತ್ತಿ ಹಿಡಿದರು.

"ನಾನೇ," ಎಂದರು ಮ್ಯೂರಿಯಲ್ ಪೆನ್‌ಫೋಲ್ಡ್. ಮೂವತ್ತೊಂದು ವರ್ಷ ಆಕ್ಸ್‌ಫರ್ಡಿನಲ್ಲಿ ಭಾಷೆಯ ತತ್ತ್ವಶಾಸ್ತ್ರ ಕಲಿಸಿದ ಕೈಗಳು ಈಗ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಆ ಪುಸ್ತಕ ಅಚ್ಚಿನಲ್ಲಿಲ್ಲದೆ ಎಷ್ಟೋ ಕಾಲವಾಗಿತ್ತು. ಇವರಿಗೆಲ್ಲಿ ಸಿಕ್ಕಿತೋ!

ನೆದರ್‌ಕೋಟ್ ಹಳ್ಳಿಯ ಸಭಾಭವನ ಕಿಕ್ಕಿರಿದಿತ್ತು. ಟಪ್ಪರಜ್ಜ ತೀರಿಕೊಂಡ ಮೇಲೆ ಅವನ ಹೊಲ ಕೊಂಡ ಲಂಡನ್ನಿನ ಮನುಷ್ಯ ಗೇಟಿಗೆ ಬೀಗ ಜಡಿದಿದ್ದ. ಹೊಲದ ಅಂಚಿನ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಬಸ್ಸು, ಶಾಲೆ, ಡಾಕ್ಟರು ಎಲ್ಲ ಸಿಗುತ್ತಿದ್ದವು. ಈಗ ಎರಡು ಮೈಲಿ ಸುತ್ತು, ಅದೂ ಲಾರಿಗಳು ಮೈಮೇಲೆ ಬರುವ ರಸ್ತೆಯಲ್ಲಿ. ಕಾನೂನಿನ ಪ್ರಕಾರ, ಇಪ್ಪತ್ತು ವರ್ಷ ಯಾರ ಅನುಮತಿಯನ್ನೂ ಪಡೆಯದೆ ಜನ ನಡೆದಿದ್ದರೆ ದಾರಿ ಜನರದ್ದಾಗುತ್ತದೆ. ಒಡೆಯನ ಅನುಮತಿಯಿಂದ ನಡೆದಿದ್ದರೆ ಆಗುವುದಿಲ್ಲ. ಅದನ್ನು ತೀರ್ಮಾನಿಸಲೆಂದೇ ಸರ್ಕಾರದ ವಿಚಾರಣಾಧಿಕಾರಿ ಬಂದು ಕೂತಿದ್ದರು. ಹಳ್ಳಿಯವರೆಲ್ಲ ಸೇರಿ, "ಓದಿದೋರು ನೀವು, ನಮ್ಮ ಪರವಾಗಿ ನೀವೇ ಮಾತಾಡಿ," ಎಂದು ಮ್ಯೂರಿಯಲ್ ಅವರನ್ನು ಮುಂದೆ ಮಾಡಿದ್ದರು.

ಲಂಡನ್ನಿನವನ ವಕೀಲರು ಗುರುತಿಟ್ಟ ಪುಟ ತೆರೆದು ನಿಧಾನವಾಗಿ ಓದಿದರು: "'ಅನುಮತಿ ಕೊಡುವುದಕ್ಕೆ ಮಾತೇ ಬೇಕೆಂದಿಲ್ಲ. ಎತ್ತಿದ ಒಂದು ಕೈ ಸಾಕು.' ಇದು ನಿಮ್ಮದೇ ವಾಕ್ಯ?"

"ನನ್ನದೇ."

"ಟಪ್ಪರ್ ಅವರು ಬೇಲಿಯ ಹತ್ತಿರ ನಿಂತು, ದಾರಿಯಲ್ಲಿ ಹೋಗುವವರಿಗೆಲ್ಲ ದಿನಾ ಕೈ ಎತ್ತುತ್ತಿದ್ದರು, ಅಲ್ಲವೇ?"

"ಎತ್ತುತ್ತಿದ್ದರು."

"ಒಂದು ದಿನವೂ ತಪ್ಪಿಸಿದವರಲ್ಲ ಎಂದು ಅವರ ಅಣ್ಣನ ಮಗ ಪ್ರಮಾಣ ಮಾಡಿ ಹೇಳಿದ್ದಾರೆ. ಅಂದರೆ, ಪ್ರೊಫೆಸರ್, ನಿಮ್ಮ ಪುಸ್ತಕದ ಪ್ರಕಾರವೇ ಅವರು ದಿನಾ ಅನುಮತಿ ಕೊಡುತ್ತಿದ್ದರು."

ಸಭೆಯಲ್ಲಿ ಯಾರೋ ನಿಟ್ಟುಸಿರುಬಿಟ್ಟರು. ಮ್ಯೂರಿಯಲ್ ಅವರ ಕಿವಿ ಬಿಸಿಯಾಯಿತು. ಎಪ್ಪತ್ತೆಂಟು ವರ್ಷ ಬದುಕಿ, ಊರಿನ ದಾರಿಯನ್ನು ತನ್ನ ವಾಕ್ಯದಿಂದ ತಾನೇ ಮುಚ್ಚಿಸಿದಂತಾಯಿತಲ್ಲ! ಅವರು ನೀರಿನ ಲೋಟಕ್ಕೆ ಕೈ ಚಾಚಿದರು, ಅದು ಖಾಲಿಯಾಗಿತ್ತು. ಮೊದಲ ಸಾಲಿನಲ್ಲಿದ್ದ ಅಂಚೆ ಕಚೇರಿಯ ಡಾಟ್ ಗ್ಯಾಮನ್ ಎದ್ದು, ಯಾರನ್ನೂ ಕೇಳದೆ, ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿ ತಂದಿಟ್ಟಳು. "ಸಕ್ಕರೆ ಹಾಕಿದೀನಿ. ಬೇಡ ಅನ್ನಬೇಡಿ," ಎಂದು ಪಿಸುಗುಟ್ಟಿ ಹೋಗಿ ಕೂತಳು.

ಮ್ಯೂರಿಯಲ್ ಎರಡು ಗುಟುಕು ಕುಡಿದರು. ವಿದ್ಯಾರ್ಥಿಗಳು ದುಡುಕಿದಾಗ ಅವರು ಹೇಳುತ್ತಿದ್ದ ಮಾತೊಂದಿತ್ತು: ಇರುವುದನ್ನಷ್ಟೇ ನೋಡಬೇಡಿ, ಅದು ಇಲ್ಲದ ದಿನ ಏನಾಗುತ್ತದೆಂದು ನೋಡಿ.

"ಆ ವಾಕ್ಯ ಸುಳ್ಳಲ್ಲ," ಎಂದರು. "ಆದರೆ ಅರ್ಧವಷ್ಟೇ. ಉಳಿದರ್ಧ ಬರೆಯಬೇಕೆಂದು ಆಗ ನನಗೆ ತೋಚಲಿಲ್ಲ. ಕೈ ಎತ್ತಿದ್ದು ಅನುಮತಿಯೋ ಬರೀ ನಮಸ್ಕಾರವೋ ಅಂತ ಕೈ ನೋಡಿ ಹೇಳೋಕಾಗಲ್ಲ. ಕೈ ಎತ್ತದ ದಿನ ಜನ ಏನು ಮಾಡಿದರು ಅಂತ ನೋಡಬೇಕು. ಅನುಮತಿ ಆಗಿದ್ದರೆ ವಾಪಸ್ ಹೋಗ್ತಾರೆ. ನಮಸ್ಕಾರ ಆಗಿದ್ದರೆ, ಬೇಜಾರು ಮಾಡ್ಕೊಂಡು ಮುಂದೆ ಹೋಗ್ತಾರೆ."

ವಕೀಲರು ನಕ್ಕರು. "ಚೆನ್ನಾಗಿದೆ. ಆದರೆ ಕೈ ಎತ್ತದ ದಿನ ಒಂದೂ ಇಲ್ಲವಲ್ಲ."

"ಯಾಕಿಲ್ಲ?" ಡಾಟ್ ಎದ್ದೇ ಬಿಟ್ಟಳು. "ಈರುಳ್ಳಿ ಸೋತ ವರ್ಷ!"

ಇಡೀ ಸಭೆ ಒಟ್ಟಿಗೇ ಮಾತಾಡತೊಡಗಿತು. ಅಧಿಕಾರಿ ಮೇಜು ಕುಟ್ಟಿ ಡಾಟಳನ್ನು ಸಾಕ್ಷಿಯ ಕುರ್ಚಿಗೆ ಕರೆದರು.

"ಅರವತ್ತೆಂಟನೇ ಇಸವಿ ಸ್ವಾಮಿ, ತರಕಾರಿ ಪ್ರದರ್ಶನ," ಎಂದಳು ಡಾಟ್. "ಹನ್ನೊಂದು ವರ್ಷದಿಂದ ಟಪ್ಪರಜ್ಜನ ಈರುಳ್ಳಿಗೇ ಮೊದಲನೇ ಬಹುಮಾನ. ಆ ವರ್ಷ ಪಾದ್ರಿಗಳ ಹೆಂಡತಿಯ ಈರುಳ್ಳಿಗೆ ಕೊಟ್ಟುಬಿಟ್ರು. ನಾವು ಚಪ್ಪಾಳೆ ಬೇರೆ ಹೊಡೆದ್ವಿ, ತಪ್ಪು ನಮ್ಮದೇ. ಮಾರನೇ ದಿನದಿಂದ ಅಜ್ಜ ಬೇಲಿ ಹತ್ರ ನಿಂತ್ಕೊಂಡು ನಮಗೆ ಬೆನ್ನು ತೋರಿಸ್ತಿದ್ದ. ಸೆಪ್ಟೆಂಬರಿಂದ ಕ್ರಿಸ್‌ಮಸ್ಸಿನ ತನಕ! ಒಬ್ಬರಿಗೂ ಕೈ ಎತ್ತಲಿಲ್ಲ."

"ಆ ದಿನಗಳಲ್ಲಿ ಯಾರಾದರೂ ವಾಪಸ್ ಹೋದರೇ?" ಅಧಿಕಾರಿ ಕೇಳಿದರು.

"ವಾಪಸ್ಸಾ? ಬಸ್ ತಪ್ಪಿಹೋಗಲ್ವಾ ಸ್ವಾಮಿ?"

ನಗು ಅಡಗಿದ ಮೇಲೆ ಅವಳು ದನಿ ತಗ್ಗಿಸಿದಳು. "ಎಲ್ಲರೂ ನಡೆದ್ವಿ. ಅವನ ಬೆನ್ನಿಗೇ 'ನಮಸ್ಕಾರ ಟಪ್ಪರಜ್ಜಾ' ಅಂತ ಹೇಳ್ಕೊಂಡು ನಡೆದ್ವಿ. ಕ್ರಿಸ್‌ಮಸ್ ಹಿಂದಿನ ದಿನ ಯಾರೋ ಅವನ ಗೇಟಿನ ಮೇಲೆ ಪುಡಿಂಗ್ ಇಟ್ಟು ಹೋಗಿದ್ರು. ಅದಾದ್ಮೇಲೆ ಸರಿಹೋದ."

ಪುಡಿಂಗ್ ಇಟ್ಟವರು ಯಾರೆಂದು ಮ್ಯೂರಿಯಲ್ ಅವರಿಗೆ ಈಗ ಹೊಳೆಯಿತು. ಡಾಟ್ ನಾಚಿ ಕೆಂಪಾಗಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಹದಿನೈದು ವರ್ಷದ ಹಿಂದಿನದು. ಇದನ್ನು ಈಕೆಯೊಬ್ಬರನ್ನು ಬಿಟ್ಟು ಬೇರೆ ಯಾರು ನೆನಪಿಟ್ಟಿರುತ್ತಾರೆ?" ಎಂದರು ವಕೀಲರು.

ಕೇಳಬಾರದಿತ್ತು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು, ಆಮೇಲೆ ಮೂರು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಕೋಲೂರಿ ಬಂದಿದ್ದ ಪಾದ್ರಿಗಳ ಹೆಂಡತಿ ಕೋಲನ್ನೇ ಎತ್ತಿದ್ದಳು. ವಕೀಲರು ಹಸಿರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ಅದನ್ನು ಬರೆದುಕೊಳ್ಳಿ," ಎಂದರು ಅಧಿಕಾರಿ ಗುಮಾಸ್ತನಿಗೆ, ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು.

ಹೊರಗೆ ಬಂದಾಗ ಜನ ಮ್ಯೂರಿಯಲ್ ಅವರನ್ನು ಮುತ್ತಿಕೊಂಡರು. ಅವರು ಎಲ್ಲರನ್ನೂ ದಾಟಿ ಡಾಟಳ ಹತ್ತಿರ ಹೋದರು.

"ಡಾಟ್, ನನ್ನ ಪುಸ್ತಕದ ಉಳಿದರ್ಧ ನೀನು ಹೇಳಿದೆ."

"ಅಯ್ಯೋ, ಬಿಡಿ ಪ್ರೊಫೆಸರ್ರೇ! ನಾನು ಹೇಳಿದ್ದು ಈರುಳ್ಳಿ ಕಥೆ. ಅದನ್ನ ಎಲ್ಲಿ ಹೇಳಬೇಕು ಅಂತ ತೋರಿಸಿದೋರು ನೀವು."

ಎಂಟು ವಾರದ ಮೇಲೆ ತೀರ್ಪು ಅಂಚೆಯಲ್ಲಿ ಬಂತು. ಡಾಟ್ ಅದನ್ನು ಅಂಚೆ ಕಚೇರಿಯ ಕಿಟಕಿಯ ಗಾಜಿಗೆ ಅಂಟಿಸಿದಳು. ದಾರಿ ಜನರದ್ದು. ಪಾದ್ರಿಗಳು ಚರ್ಚಿನ ಗಂಟೆ ಬಾರಿಸಿದರು.

ಮರುವಾರ ಬೆಳಿಗ್ಗೆ ಇಬ್ಬರು ಕೆಲಸಗಾರರು ಗೇಟು ಕಿತ್ತು, 'ಸಾರ್ವಜನಿಕ ಕಾಲುದಾರಿ' ಎಂದು ಕೆತ್ತಿದ ಓಕ್ ಮರದ ಕಂಬ ನೆಡುತ್ತಿದ್ದರು. ಗುಂಡಿಗೆ ಸಿಮೆಂಟು ಸುರಿದ ಮೇಲೆ ಅವರಲ್ಲಿ ಹಿರಿಯನು ಬಸ್ಸಿಗೆಂದು ಬಂದ ಮ್ಯೂರಿಯಲ್ ಅವರನ್ನು, "ಅಮ್ಮಾ, ವ್ಯಾನಿಂದ ಆನಿಸೋಕೆ ಕೋಲು ತರ್ತೀವಿ, ಅಲ್ಲಿ ತನಕ ಇದನ್ನ ಸ್ವಲ್ಪ ನೆಟ್ಟಗೆ ಹಿಡ್ಕೊಂಡಿರ್ತೀರಾ?" ಎಂದು ಕೇಳಿದ.

ಮ್ಯೂರಿಯಲ್ ಕೈಚೀಲ ಹುಲ್ಲಿನ ಮೇಲಿಟ್ಟು, ಎರಡೂ ಕೈಗಳಿಂದ ಕಂಬವನ್ನು ಹಿಡಿದರು. ಹೊಸ ಮರದ ವಾಸನೆ. ಶಾಲೆಯ ಮಕ್ಕಳು ಸಾಲಾಗಿ ಬಂದು, ಹಸಿ ಸಿಮೆಂಟನ್ನು ತುಳಿಯದಂತೆ ಒಬ್ಬೊಬ್ಬರೇ ಅವರ ಪಕ್ಕದಿಂದ ಹಾದುಹೋದರು. ಮ್ಯೂರಿಯಲ್ ಹಿಡಿಯಬೇಕಿದ್ದ ಬಸ್ಸು ಎದುರಿನ ರಸ್ತೆಯಲ್ಲಿ ಬಂದು ನಿಂತು ಹೊರಟುಹೋಯಿತು. ಅವರು ಕಂಬ ಬಿಡಲಿಲ್ಲ.