ಗೋಡೆಯಾಚೆಯ ನಿಂಬೆ

ಗುಡ್ಡದ ಮೇಲಿನ ಬೋ-ಕಾಪ್ ಕೇರಿಯ ಹೆಂಗಸರಿಗೆ ಪ್ರವಾದಿಯವರ ಹುಟ್ಟುಹಬ್ಬ ಮೌಲೂದ್ ಶುರುವಾಗುವುದು ಮೂಗಿನಿಂದ. ಹಬ್ಬದ ಹಿಂದಿನ ಶನಿವಾರ ಅವರೆಲ್ಲ ಮಸೀದಿಯ ಚಾಪೆಯ ಮೇಲೆ ಸಾಲಾಗಿ ಕೂತು, ಮಡಿಲಲ್ಲಿ ಮಣೆಯಿಟ್ಟುಕೊಂಡು ನಿಂಬೆ ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚುತ್ತಾರೆ. ಅದಕ್ಕೆ ಗುಲಾಬಿ ಎಣ್ಣೆ ಬೆರೆಸಿ ಬಣ್ಣದ ಕಾಗದದಲ್ಲಿ ಪೊಟ್ಟಣ ಕಟ್ಟಿದರೆ, ಮರುದಿನ ಗಂಡಸರ ಜೇಬಿನಲ್ಲೆಲ್ಲ ಅದೇ ಘಮ. ಎಪ್ಪತ್ತರ ಗಬೀಬಾಳ ಬೀದಿಗೆ ಈ ಎಲೆ ಬರುತ್ತಿದ್ದದ್ದು ಒಂದೇ ಮರದಿಂದ. ಅವಳ ಹಿತ್ತಿಲ ಗೋಡೆಯಾಚೆ ನಿಂತು, ಅರ್ಧ ನೆರಳನ್ನು ಈಚೆ ಚೆಲ್ಲುತ್ತಿದ್ದ ಹಳೆಯ ನಿಂಬೆ ಅದು.

ಆ ಮರ ಈಗ ಹೋಗುವುದರಲ್ಲಿತ್ತು. ಗೋಡೆಯಾಚೆಯ ಮನೆಯಲ್ಲಿದ್ದ ಚಿಕ್ಕಪ್ಪನ ಮಗಳು ಆಸಾ, ವರ್ಷವರ್ಷವೂ ಏರುವ ಕಂದಾಯಕ್ಕೆ ಸೋತು ಮನೆ ಮಾರಿ ಹೋಗಿದ್ದಳು. ಕೊಂಡ ಬಿಳಿಯ ಯಜಮಾನ ಗಿಳಿಹಸಿರು ಗೋಡೆಗೆ ಬೂದಿ ಬಣ್ಣ ಬಳಿಸಿದ. ಈಗ ಅವನಿಗೆ ಹಿತ್ತಿಲು ಅಗೆದು ಕಾರಿಗೊಂದು ಜಾಗ ಬೇಕು, ಅದರ ಮೇಲೆ ಮೂರು ಅಂತಸ್ತು ಪ್ರವಾಸಿಗರ ಕೋಣೆ ಬೇಕು. ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದುಕೊಡಿ ಎಂದು ನಗರಸಭೆಯಿಂದ ಅರ್ಜಿಯ ನಮೂನೆ ಬಂದಿತ್ತು.

ಮೊಮ್ಮಗಳು ಜಿಯಾನಾ ಅಜ್ಜಿಯ ಎದುರು ಅರ್ಜಿ ಬಿಡಿಸಿಕೊಂಡು ಕೂತಳು. "ಊಮಾ, ಮರ ಅರವತ್ತು ವರ್ಷ ದಾಟಿದ್ರೆ ಕಡಿಯೋ ಹಾಗಿಲ್ವಂತೆ. ನೆಟ್ಟಿದ್ದು ಯಾರು ಅಂತ ಕೇಳಿದ್ದಾರೆ, ಅವರ ಮನೆಯವರ ರುಜುನೂ ಬೇಕಂತೆ. ನಿನ್ನ ಚಿಕ್ಕಪ್ಪ ಅಂತ ಬರೀಲಾ?"

ಇಡೀ ಬೀದಿಯೇ ಹಾಗಂದುಕೊಂಡಿತ್ತು. ಗಬೀಬಾ ಯಾರನ್ನೂ ತಿದ್ದಿರಲಿಲ್ಲ. ಹೊರಗೆ ಗುಡ್ಡದ ಮೇಲೆ ದಿನವೂ ಹೊತ್ತು ಸಾರುವ ಮಧ್ಯಾಹ್ನದ ತೋಪು ಹಾರಿತು, ಪಾರಿವಾಳಗಳು ಒಮ್ಮೆಲೇ ಎದ್ದವು.

"ಬರೀಬೇಡ. ಅದು ಡೋರಿಯ ಮರ."

"ಯಾವ ಡೋರಿ?"

ಗಬೀಬಾ ಎದ್ದು ಬೀರುವಿನ ತಳದಿಂದ ನೀಲಿ ಅಂಚಿನ ತಟ್ಟೆಯೊಂದನ್ನು ತೆಗೆದಳು.

ಡೋರಿ ಹುಟ್ಟಿದ ವಾರ ಅವಳಪ್ಪ ಫ್ರೆಡೆರಿಕ್ ಅರೆಂಡ್ಸೆ ನೆಟ್ಟ ಸಸಿ ಅದು. ಆಗ ಗೋಡೆಯಲ್ಲಿ ತಟ್ಟೆ ತೂರುವಷ್ಟು ಕಿಂಡಿಯಿತ್ತು. ಭಾನುವಾರ ಈ ಕಡೆಯಿಂದ ಎಣ್ಣೆಯಲ್ಲಿ ಕರಿದು ಪಾಕದಲ್ಲದ್ದಿದ ಬಿಸಿ ಕೂಸಿಸ್ಟರ್ ಹೋಗುತ್ತಿತ್ತು. ಕ್ರಿಸ್‌ಮಸ್ಸಿಗೆ ಆ ಕಡೆಯಿಂದ, ಹೆಂಡ ಹಾಕದೆ ಇವರಿಗೆಂದೇ ಬೇರೆ ಬೇಯಿಸಿದ ಕೇಕು ಬರುತ್ತಿತ್ತು. ಮೌಲೂದಿಗೆ ಡೋರಿಯೇ ಬುಟ್ಟಿ ತುಂಬ ಎಲೆ ಹೊತ್ತು ಮಸೀದಿಗೆ ಬಂದು, ತಲೆಗೆ ವಸ್ತ್ರ ಸುತ್ತಿ ಗಬೀಬಾಳ ಪಕ್ಕ ಕೂರುತ್ತಿದ್ದಳು. ಅವಳು ಹೆಚ್ಚಿದ್ದೆಲ್ಲ ದಪ್ಪ. "ಕುದುರೆಗೆ ಮೇವು ಕತ್ತರಿಸ್ತಿದ್ದೀಯೇನೇ?" ಎಂದು ಗಬೀಬಾಳ ಅಮ್ಮ ಪ್ರತಿ ವರ್ಷ ನಗಿಸುತ್ತಿದ್ದಳು.

ಇಬ್ಬರಿಗೂ ಹತ್ತು ತುಂಬಿದಾಗ, ಈ ಗುಡ್ಡ ಮಲಯ್ ಜನಾಂಗದ ಮುಸ್ಲಿಮರಿಗೆ ಮಾತ್ರ ಎಂದು ಆಗಿನ ಬಿಳಿಯರ ಸರಕಾರ ಗೆರೆ ಎಳೆಯಿತು. ಕನ್ನಡಿಯಲ್ಲಿ ಇಬ್ಬರ ಬಣ್ಣವೂ ಒಂದೇ. ಕಾಗದದಲ್ಲಿ ಮಾತ್ರ ಡೋರಿಯ ಮನೆಯವರು ಬೇರೆ ಜನಾಂಗ. ಅವರನ್ನು ಲಾರಿ ಹತ್ತಿಸಿ ಊರಾಚೆಯ ಬೊಂಟೆಹೂವಲ್‌ಗೆ ಕಳಿಸಿದ ದಿನ ಅವರ ತಟ್ಟೆಯೊಂದು ಇಲ್ಲೇ ಉಳಿಯಿತು. ಖಾಲಿ ತಟ್ಟೆ ಹಿಂದಕ್ಕೆ ಕೊಡಬಾರದೆಂದು ಅಮ್ಮ ಎತ್ತಿಟ್ಟಳು. ಆ ಮನೆ ಚಿಕ್ಕಪ್ಪನ ಪಾಲಾಯಿತು.

ಭಾನುವಾರ ಗಬೀಬಾ ಆ ತಟ್ಟೆಗೆ ಕೂಸಿಸ್ಟರ್ ಜೋಡಿಸಿ, ಮೊಮ್ಮಗಳೊಡನೆ ಟ್ಯಾಕ್ಸಿ ಹಿಡಿದಳು. ವಿಳಾಸ ಅವಳಿಗೆ ಎಂದಿನಿಂದಲೂ ಗೊತ್ತಿತ್ತು. ಅರ್ಧ ಗಂಟೆಯ ದಾರಿ ಅಷ್ಟೆ.

ಬಾಗಿಲು ತೆರೆದ ಮುದುಕಿ ಮುಖಕ್ಕಿಂತ ಮೊದಲು ತಟ್ಟೆಯನ್ನು ಗುರುತು ಹಿಡಿದಳು. "ನಮ್ಮಮ್ಮನ ತಟ್ಟೆ. ಅರವತ್ತು ವರ್ಷ ಆಯ್ತು ಬೀಬಾ. ನಡ್ಕೊಂಡು ಬಂದ್ಯಾ?"

"ಖಾಲಿ ಕೊಡಬಾರ್ದು ಅಂತ ಅಮ್ಮ..."

"ನಿಮ್ಮನೇಲಿ ಸಕ್ಕರೆಗೆ ಅಷ್ಟೊಂದು ಬರ ಇತ್ತಾ?"

ಜಿಯಾನಾ ತುಟಿ ಕಚ್ಚಿ ನಗು ತಡೆದಳು. ಗಬೀಬಾ ಅರ್ಜಿಯನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ಡೋರಿ ಕನ್ನಡಕ ಏರಿಸಿ ಓದಿದಳು.

"ಎಲೆ ನಿಮ್ದು, ಹಣ್ಣು ನಿಮ್ದು, ಮನೇನೂ ನಿಮ್ದಾಯ್ತು. ರುಜು ಮಾತ್ರ ನಂದು ಬೇಕು, ಅಲ್ವಾ?"

ಕಾನೂನು ಹಾಗಿತ್ತು, ನಾವೇನು ಮಾಡೋಕಾಗ್ತಿತ್ತು ಎಂದೆಲ್ಲ ಗಬೀಬಾ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆ. "ನೀವು ಹೋಗೋ ಮುಂಚೇನೇ ಚಿಕ್ಕಪ್ಪ ಬಂದು ಪರದೆಗೆ ಅಂತ ಕಿಟಕಿ ಅಳತೆ ತಗೊಂಡ. ಟೇಪಿನ ಆ ತುದಿ ಹಿಡಿದಿದ್ದು ನಾನು ಡೋರಿ."

"ಗೊತ್ತು. ಬಾಗಿಲ ಹಿಂದೆ ನಾನಿದ್ದೆ."

ಡೋರಿ ಒಂದು ಕೂಸಿಸ್ಟರ್ ಎತ್ತಿಕೊಂಡು ನಿಧಾನವಾಗಿ ಪೂರ್ತಿ ತಿಂದಳು, ಬೆರಳು ಒರೆಸಿಕೊಂಡಳು.

"ಏಲಕ್ಕಿ ಕಮ್ಮಿ. ನಿಮ್ಮಮ್ಮ ಹೀಗೆ ಮಾಡ್ತಿರ್ಲಿಲ್ಲ. ಎಲ್ಲಿ, ಪೆನ್ನು ಕೊಡು."

ನೆಟ್ಟವರ ಜಾಗದಲ್ಲಿ ಅಪ್ಪನ ಹೆಸರನ್ನು ಒತ್ತಿ ಬರೆದಳು. ಈ ಮರಕ್ಕೂ ನಿಮಗೂ ಏನು ಸಂಬಂಧ ಎಂದು ಕೇಳಿದ್ದಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಓರಗೆಯವಳು ಎಂದು ಬರೆದಳು.

ಎರಡು ತಿಂಗಳಿಗೆ ತೀರ್ಪು ಬಂತು. ಮರ ಕಡಿಯಕೂಡದು, ಕಾರಿನ ಜಾಗ ಮುಂದಕ್ಕೆ ಸರಿಯಲಿ, ಮೂರು ಅಂತಸ್ತಿಗೆ ಅಡ್ಡಿಯಿಲ್ಲ. ಮರ ಉಳಿಯಿತು, ಕಟ್ಟಡ ಎದ್ದು ಮಧ್ಯಾಹ್ನದ ಮೇಲಿನ ಬಿಸಿಲು ಹೋಯಿತು. ಹಬ್ಬ ಬರುವ ಹೊತ್ತಿಗೆ ಎಲೆಗಳು ಮೊದಲಿಗಿಂತ ಚಿಕ್ಕವಾಗಿ, ತುಸು ಮಂಕಾಗಿದ್ದವು. ಗಬೀಬಾ ಅವನ್ನೇ ಬುಟ್ಟಿಗೆ ಬಿಡಿಸಿಕೊಂಡಳು.

ಆ ಶನಿವಾರ ಮಸೀದಿಯ ಬಾಗಿಲಲ್ಲಿ ಡೋರಿ ಬಂದು ನಿಂತಳು. ತಲೆಗೆ ವಸ್ತ್ರ, ಕೈಯಲ್ಲಿ ನೀಲಿ ಅಂಚಿನ ತಟ್ಟೆ, ತಟ್ಟೆಯಲ್ಲಿ ಕೇಕು. "ಹೆಂಡ ಹಾಕಿಲ್ಲ, ತಿನ್ನಿ," ಎಂದು ಹೆಂಗಸರ ನಡುವೆ ಇಟ್ಟು, ಗಬೀಬಾಳ ಪಕ್ಕ ಸೊಂಟ ಹಿಡಿದುಕೊಂಡು ಕೂತಳು. ಗಬೀಬಾ ತನ್ನ ಮಣೆಯನ್ನೇ ಅತ್ತ ಸರಿಸಿದಳು.

ಡೋರಿ ಹೆಚ್ಚಿದ್ದು ಈಗಲೂ ದಪ್ಪವೇ. ಜಿಯಾನಾ ಆ ರಾಶಿಯನ್ನು ಎಳೆದುಕೊಂಡು ಮತ್ತೆ ಹೆಚ್ಚಲು ಹೊರಟಳು.

"ಬಿಡೇ," ಎಂದಳು ಗಬೀಬಾ. "ಕುದುರೆಗೂ ಹಬ್ಬ ಬೇಡ್ವಾ?"

ಡೋರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊದಲ ಪೊಟ್ಟಣ ಕಟ್ಟಿ, ಮೂಗಿಗೆ ಹಿಡಿದು, ತನ್ನ ಕೈಚೀಲದೊಳಗೆ ಇಟ್ಟುಕೊಂಡಳು.

"ಇದು ಯಾವ ಗಂಡಸಿಗೂ ಇಲ್ಲ. ಇದು ನಂದು."