ರೇಡಾರ್ ಅಕ್ಕನ ಎದೆಯಲ್ಲೊಂದು ಸದ್ದು

“ಇಳಿಸಿ, ಇಳಿಸಿ! ಒಳಗೇನೋ ಸದ್ದಾಗ್ತಿದೆ!”

ಆಗಷ್ಟೇ ಮುಚ್ಚಳ ಹಾಕಿ ಎತ್ತಿದ್ದ ಶವಪೆಟ್ಟಿಗೆ ಮತ್ತೆ ಮೇಜಿನ ಮೇಲೆ ಕುಳಿತಿತು. ಕೂಗಿದ್ದ ರೇಡಾರ್ ಅಕ್ಕನ ಗಂಡ ಮುಚ್ಚಳ ಸರಿಸಿ ಬಗ್ಗಿ, ಹೆಂಡತಿಯ ಎದೆಗೆ ಕಿವಿಯಿಟ್ಟರು.

“ಟುಂಯ್ ಅಂತು.”

“ಎದೆ ಎಲ್ಲಾದ್ರೂ ಟುಂಯ್ ಅನ್ನುತ್ತಾ ಭಾವ?” ಎಂದಳು ಅಕ್ಕನ ತಂಗಿ, ಅಳು ನಿಲ್ಲಿಸಿ.

“ನಿಮ್ಮಕ್ಕನ ಎದೆ. ಹೇಗೆ ಬೇಕಾದ್ರೂ ಅನ್ನಬಹುದು.”

ಡಾಕ್ಟರ ಮುಖ ಸಪ್ಪಗಾಯಿತು. “ಬೆಳಿಗ್ಗೆ ನಾನೇ ನೋಡಿದ್ದೀನಲ್ಲ ಸ್ವಾಮಿ.”

“ಇನ್ನೊಂದ್ಸಲ ನೋಡಿ ಡಾಕ್ಟ್ರೇ,” ಎಂದಳು ಅಕ್ಕನ ಶಿಷ್ಯೆ. ಅಕ್ಕ ದುಡಿದಿದ್ದ ಕಡಲತೀರದ ರೇಡಾರ್ ಕೇಂದ್ರಕ್ಕೆ ಈಗ ಅವಳೇ ಮುಖ್ಯಸ್ಥೆ. “ನೋಡಿ ಏನೂ ಇಲ್ದಿದ್ರೆ ನಿಮ್ಮ ಮರ್ಯಾದೆ ಸ್ವಲ್ಪ ಹೋಗುತ್ತೆ, ಅಷ್ಟೇ. ನೋಡ್ದೇ ಬಿಟ್ಟು, ಅಕಸ್ಮಾತ್ ಜೀವ ಇದ್ರೆ?”

*

ಆ ಲೆಕ್ಕಾಚಾರವನ್ನು ಅವಳಿಗೆ ಕಲಿಸಿದ್ದು ಅಕ್ಕನೇ. ಪರದೆಯಲ್ಲಿ ಮಸುಕು ಚುಕ್ಕಿಯೊಂದು ಮಿನುಗಿದರೆ, ಅದು ಬರೀ ಅಲೆಗಳ ಗದ್ದಲವೆಂದು ಮೊದಲು ಅಂದುಕೊಳ್ಳಬೇಕು. ಆಮೇಲೆ ದೋಣಿ ಎಂದುಕೊಳ್ಳಬೇಕು. ದೋಣಿಯ ದೂರ, ವೇಗ, ಗಾತ್ರ ಯಾವುದೂ ಗೊತ್ತಿರುವುದಿಲ್ಲ. ಆದ್ದರಿಂದ ಸಾಧ್ಯವಿರುವುದನ್ನೆಲ್ಲ ಊಹಿಸಿ, ಚುಕ್ಕಿಗೆ ಹೆಚ್ಚು ಹೊಂದುವ ಊಹೆಯನ್ನು ಬರೀ ಗದ್ದಲವೆಂಬ ಊಹೆಯ ಎದುರು ತೂಗಬೇಕು. ದೋಣಿಯ ಕಡೆ ಎಷ್ಟು ಹೆಚ್ಚು ತೂಗಿದರೆ ಎಚ್ಚರಿಕೆಯ ಗಂಟೆ ಬಾರಿಸಬೇಕು ಎಂಬಲ್ಲೇ ಜಗಳ. ಅಕ್ಕ ಒಮ್ಮೆ ಹಕ್ಕಿಗಳ ಹಿಂಡಿಗೆ ಗಂಟೆ ಬಾರಿಸಿ, ಇಡೀ ಕರಾವಳಿ ಕಾವಲು ದಂಡನ್ನು ಸಮುದ್ರಕ್ಕೆ ಅಟ್ಟಿದ್ದಳು. ಮೇಲಧಿಕಾರಿ ಕೂಗಾಡಿದಾಗ, “ದೋಣಿಯಲ್ಲಿ ಜನ ಇರ್ತಾರೆ ಸಾರ್,” ಎಂದಿದ್ದಳಷ್ಟೇ.

ಮದುವೆಯ ವಿಷಯದಲ್ಲಿ ಮಾತ್ರ ಅಷ್ಟು ಸುಲಭಕ್ಕೆ ಗಂಟೆ ಬಾರಿಸಲಿಲ್ಲ. ಮುಂದೆ ಗಂಡನಾಗಲಿದ್ದ ಕೇಂದ್ರದ ಎಲೆಕ್ಟ್ರಿಷಿಯನ್ ಅವಳ ಕೋಣೆಯ ಫ್ಯಾನನ್ನು ಮತ್ತೆ ಮತ್ತೆ ರಿಪೇರಿಗೆ ಬಿಚ್ಚುತ್ತಿದ್ದ.

“ಈ ಫ್ಯಾನ್ ಯಾವತ್ತೂ ಕೆಟ್ಟಿರಲಿಲ್ಲ ಅಲ್ವಾ?” ಎಂದು ಕೊನೆಗೊಂದು ದಿನ ಕೇಳಿದಳು.

“ಮೊದಲೇ ಗೊತ್ತಾಗಿತ್ತಾ?”

“ಅನುಮಾನ ಇತ್ತು. ಪಕ್ಕದ ಕೋಣೆಯ ಫ್ಯಾನನ್ನೂ ಹೀಗೇ ಬಿಚ್ತೀರಾ ಅಂತ ನೋಡ್ತಿದ್ದೆ.”

*

“ಮೊದಲು ಗದ್ದಲ ಕಳೀಬೇಕು,” ಎಂದು ಶಿಷ್ಯೆ ಫ್ಯಾನು, ಫೋನುಗಳನ್ನೆಲ್ಲ ಆರಿಸಿದಳು. ಮತ್ತೆ ರಾಗ ಎಳೆದಿದ್ದ ತಂಗಿಯ ಕಡೆ ತಿರುಗಿದಳು. “ಆಂಟಿ, ಎರಡು ನಿಮಿಷ.”

“ಅಳೋದಕ್ಕೂ ನಿನ್ನ ಅಪ್ಪಣೆ ಬೇಕೇನೇ?”

ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರು. ಏನೂ ಇಲ್ಲವೆಂದು ತಲೆಯಾಡಿಸಿದರು.

“ಬಂತು! ಟುಂಯ್!” ಎಂದರು ಗಂಡ. ಬೇರೆ ಯಾರಿಗೂ ಕೇಳಿಸಿರಲಿಲ್ಲ.

ಶಿಷ್ಯೆ ಅವರ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. “ಇಲ್ಲಿ?”

ಸ್ವಲ್ಪ ಹೊತ್ತಾಯಿತು. “ಬಂತು,” ಎಂದರು, ದನಿ ತಗ್ಗಿಸಿ.

ಗೇಟಿನ ಹೊರಗೆ, ಬೀದಿಯಲ್ಲಿ ನಿಂತಾಗಲೂ ಸದ್ದು ಬಂತು; ಅವಳು ಕೇಳಬೇಕಾಗಲಿಲ್ಲ. ಅವರೇ ಕಿವಿಯೊಳಗಿನ ಶ್ರವಣಯಂತ್ರವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

“ಬ್ಯಾಟರಿ ಮುಗಿಯೋ ಹೊತ್ತಿಗೆ ಹೀಗೆ ಕೂಗುತ್ತೇನೋ. ನಂಗೆ ಗೊತ್ತೇ ಇರ್ಲಿಲ್ಲಮ್ಮ. ಅಷ್ಟರೊಳಗೆ ಅವಳೇ ಬದಲಾಯಿಸಿಬಿಡ್ತಿದ್ಲು.”

ಒಳಗೆ ಸುದ್ದಿ ಮುಟ್ಟಿದಾಗ ಮೊದಲು ಕಿಸಕ್ಕೆಂದವಳು ತಂಗಿಯೇ. ನಗು ಡಾಕ್ಟರಿಗೂ ಅಂಟಿತು. ಗಂಡ ನಾಚಿಕೊಂಡು ತಲೆ ತಗ್ಗಿಸಿದರು.

ಶಿಷ್ಯೆ ಅವರ ಕಿವಿಗೆ ಬಾಯಿ ಹಚ್ಚಿ ಜೋರಾಗಿ ಹೇಳಿದಳು: “ನೀವು ಕೂಗಿದ್ದೇ ಸರಿ ಸಾರ್. ಮೇಡಂ ಆಗಿದ್ರೂ ಕೂಗ್ತಿದ್ರು!”

ಪೆಟ್ಟಿಗೆ ಮತ್ತೆ ಭುಜಕ್ಕೇರಿತು. ಯಂತ್ರ ಜೇಬಿನಲ್ಲಿ ಸುಮ್ಮನಿತ್ತು. ಏನೂ ಕೇಳಿಸದ ಆ ಮುದುಕ ಮುಂದಿನ ತುದಿಗೆ ಹೆಗಲು ಕೊಟ್ಟು, ಪಿಸುಮಾತಾಡುವವಳ ಪಕ್ಕದಲ್ಲಿ ನಡೆಯುವವರಂತೆ, ತಲೆಯನ್ನು ಅವಳ ಕಡೆಗೇ ವಾಲಿಸಿಕೊಂಡು ಹೊರಟರು.